ಕುರ್ಚಿ ಲೆಕ್ಕ

ನಲವತ್ತೆಂಟು ಕಬ್ಬಿಣದ ಕುರ್ಚಿ ನಮ್ಮ ಸಭೆಗೆ.
ಮನೆ ಹತ್ತೊಂಬತ್ತು.
ಪ್ರತಿ ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ‘ಗು. ಸ.’
ಜೋಳದ ದಂಟಿನ ತುದಿ ಜಜ್ಜಿ ಕುಂಚ ಮಾಡಿ
ಅಪ್ಪನೇ ಬರೆದದ್ದು.
ಗುಳೇದಗುಡ್ಡ ಸಭೆ ಎಂದು ಅರ್ಥ.
ಓಣಿಯ ಹುಡುಗರು ಓದುವುದು ಬೇರೆ:
ಗುಂಡಪ್ಪನ ಸಂಸಾರ.

ಅಪ್ಪ ಸಿಮ್ಯೋನಪ್ಪ,
ಆರು ದಿನ ಪರರ ಕುಣಿಮಗ್ಗದಲ್ಲಿ ಖಣ ನೇಯುವವ,
ಏಳನೆಯ ದಿನ ಗಂಟೆ ಬಾರಿಸುವವ.
ಹಗ್ಗಕ್ಕೆ ಕೈ ಹಚ್ಚುವ ಮೊದಲು ಕುರ್ಚಿ ಎಣಿಸುತ್ತಿದ್ದ.
ಒಂದು ಯಾವಾಗಲೂ ಕಡಿಮೆ.

ನನ್ನ ಕೈಗೆ ಒಂದು ನೋಟುಬುಕ್ಕು ಕೊಟ್ಟಿದ್ದ.
ಎಡಕ್ಕೆ ಹೋದದ್ದು, ಬಲಕ್ಕೆ ಬಂದದ್ದು.
ಹನ್ನೆರಡು, ಚಾಂದಬಿಯ ಮೊಮ್ಮಗನ ಸುನ್ನತಿಗೆ.
ಇಪ್ಪತ್ತು, ಜವಳಿಯವರ ಸೊಸೆಯ ಕುಬಸಕ್ಕೆ;
ಬರುವಾಗ ಅರಿಷಿಣದ ಬೆರಳು ಮೂಡಿಸಿಕೊಂಡು ಬಂದವು.
ನಾಲ್ಕು, ಪೋಲಿಯೋ ಹನಿಗೆ,
ಅಂಗನವಾಡಿ ಟೀಚರು ಸಹಿ ಮಾಡಿ ಒಯ್ದದ್ದು.
ಆರು, ಯಮನವ್ವನ ಮಕ್ಕಳ ಪಾಲಿನ ಪಂಚಾಯ್ತಿಗೆ.
ಆರೂ ಬಂದವು, ಒಂದು ಕುಂಟುತ್ತ.
ಯಾರ ತಲೆ ಒಡೆಯಿತೆಂದು ಬರೆಯಲು
ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಬಾಡಿಗೆ ಹಚ್ಚೋಣ, ಕುರ್ಚಿಗೆ ಎರಡು ರೂಪಾಯಿ,
ಎಂದರು ಹೊಸದಾಗಿ ಬಂದ ಅಯ್ಯನವರು.
ಅಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ಎದ್ದು ನಿಂತ:
“ಹೆಣಾ ಹೊರಾಕ ನಾಕ ಹೆಗಲ ಬೇಕ್ರಿ ಅಯ್ಯನವರ.
ನಮ್ಮೊಳಗ ಗಟ್ಟಿ ಅದಾವು ಮೂರ.”
ಆ ಮಾತು ಮಿನಿಟ್ಸಿನಲ್ಲಿ ಬರಲಿಲ್ಲ.
ಬಾಡಿಗೆಯೂ ಬರಲಿಲ್ಲ.

ಸುಗ್ಗಿ ಹಬ್ಬದ ಹರಾಜಿಗೆ ಓಣಿಯೆಲ್ಲ ಬರುತ್ತಿತ್ತು.
ತಬಿತವ್ವನ ಕುಂಬಳಕಾಯಿಗೆ
ಬಾಗಿಲಲ್ಲೇ ನಿಂತು ಹಜರತಸಾಬ ಕೂಗಿದ, ನೂರಾ ಹತ್ತು!
ರೊಕ್ಕ ಎಣಿಸಿ ಕೊಟ್ಟು ಕಾಯಿ ಅಲ್ಲೇ ಇಟ್ಟ:
“ಮತ್ತೊಮ್ಮೆ ಕೂಗಸ್ರಿ, ಇನ್ನೊಬ್ಬಾಂವ ಸಿಗತಾನ.”
ಮೂರು ಸಲ ಮಾರಾಟವಾದ ಆ ಕುಂಬಳ
ಕೊನೆಗೆ ನಮ್ಮ ಮನೆಯ ಸಾರಿಗೇ ಬಿತ್ತು.
ಸಪ್ಪಗಿತ್ತು, ನಿಜ ಹೇಳಬೇಕೆಂದರೆ.

ಆ ಒಂದು ಕುರ್ಚಿ,
ಒಂದು ವರ್ಷ ಹುಡುಕಿದ ಮೇಲೆ ಸಿಕ್ಕಿತು,
ಹಡಪದ ನಿಂಗಪ್ಪನ ಅಂಗಡಿ ಮುಂದೆ.
ಅದರ ಮೇಲೆ ಅವನ ಕಣ್ಣಿಲ್ಲದ ಅಪ್ಪ,
ಬಿಸಿಲು ಸರಿದಂತೆ ಕುರ್ಚಿಯನ್ನೂ ಸರಿಸಿಕೊಳ್ಳುತ್ತ,
ಬೆನ್ನ ಹಿಂದೆ ‘ಗು. ಸ.’ ಮಾಸಿ ಬರೀ ‘ಗು’.
ಅಪ್ಪ ಗಡ್ಡ ಹೆರೆಸಿಕೊಂಡ,
ಮಳೆ ಬೆಳೆ ಮಾತಾಡಿದ,
ಬರಿಗೈಲಿ ಮನೆಗೆ ಬಂದ.
“ಬರಕೋ,” ಅಂದ.
ಏನಂತ?
“ಅಲ್ಲೇ ಐತಿ ಅಂತ.”

ಅಪ್ಪ ಹೋದದ್ದು ಒಂದು ಬುಧವಾರ.
ಮಗ್ಗಗಳು ಒಂದೊಂದೇ ನಿಂತು
ಓಣಿ ಎಂದೂ ಇಲ್ಲದಷ್ಟು ಕಿವುಡಾಯಿತು.
ವಯಸ್ಸಿಗೊಂದರಂತೆ ಗಂಟೆ ಹೊಡೆಯುವುದು ನಮ್ಮಲ್ಲಿ ರೂಢಿ.
ಹೊಡೆಯುವವನೇ ಒಳಗೆ ಮಲಗಿದ್ದ,
ಹಗ್ಗ ನಾನು ಹಿಡಿದೆ.
ಅಂಗೈ ತಾಗುವಲ್ಲಿ ಅವನು ಸುತ್ತಿದ್ದ ಖಣದ ಚೂರು,
ಬೆವರಿಗೆ ಗಟ್ಟಿಯಾಗಿ, ಇನ್ನೂ ಅವನ ಹಿಡಿಯ ಅಳತೆಗೇ ಇತ್ತು.
ಹತ್ತು, ಇಪ್ಪತ್ತು, ನಲವತ್ತು.
ನಲವತ್ತೆಂಟಕ್ಕೆ ಕೈ ನಿಂತಿತು.
ಅದರಾಚೆ ಎಣಿಸಿ ನನಗೆ ರೂಢಿಯಿಲ್ಲ.
ಕಟ್ಟೆಯ ಮೇಲಿಂದ ಚಾಂದಬಿ ಕೂಗಿದಳು:
“ಹೊಡಿಯವಾ, ಇನ್ನ ಇಪ್ಪತ್ತ ಅದಾವು!”

ಹೆಗಲು ಎಷ್ಟಿದ್ದವೋ ನಾನು ಎಣಿಸಲಿಲ್ಲ.
ನಿಂಗಪ್ಪ ಮಾತ್ರ ನೆನಪಿದ್ದಾನೆ,
ಒಂದು ಕೈಯಲ್ಲಿ ಮುದುಕನ ಬೆರಳು,
ತಲೆಯ ಮೇಲೆ ಆ ಕುರ್ಚಿ.
ಮಾದಲಿಂಬೆ ಗಿಡದ ನೆರಳಿಗೆ ಅದನ್ನಿಟ್ಟು
ಅಪ್ಪನನ್ನು ಕೂರಿಸಿದ.
ಮಣ್ಣು ಕೊಟ್ಟು ಬಂದ ಮೇಲೆ
ಎರಡನ್ನೂ ತಿರುಗಿ ಒಯ್ದ.

ರಾತ್ರಿ ನೋಟುಬುಕ್ಕು ತೆಗೆದೆ.
ಎಡಕ್ಕೋ ಬಲಕ್ಕೋ ತಿಳಿಯದೆ
ನಡುವಿನ ಗೆರೆಯ ಮೇಲೆಯೇ ಬರೆದೆ,
ಬಂದಿತ್ತು.